ಹೊಲಿಯಲು ಬಾರದ ಭುಜಕ್ಕೆ ಕಸಿ: ರೊಟೇಟರ್ ಕಫ್ ಶಸ್ತ್ರಚಿಕಿತ್ಸೆಗಳ ಒಂದು ವಿಮರ್ಶೆ

ಭುಜದ ರೊಟೇಟರ್ ಕಫ್ (ಸ್ನಾಯುಗಳನ್ನು ತೋಳಿನ ಮೂಳೆಗೆ ಕಟ್ಟುವ ರಜ್ಜುಗಳ ಗುಂಪು) ದೊಡ್ಡದಾಗಿ ಹರಿದು, ಸಾಮಾನ್ಯ ಕೀ ಹೋಲ್ ಹೊಲಿಗೆಯಿಂದ ಸರಿಪಡಿಸಲಾಗದ ಸ್ಥಿತಿಗೆ ಬಂದವರಿಗೆ ಈಗ ದೊಡ್ಡ ಆಸ್ಪತ್ರೆಗಳಲ್ಲಿ ಹಲವು ಬಗೆಯ ಕಸಿಗಳನ್ನು ಸೂಚಿಸುತ್ತಾರೆ. ರೋಗಿಯ ತೊಡೆಯಿಂದಲೇ ತೆಗೆದ ಪೊರೆ, ದಾನಿಯ ಚರ್ಮದಿಂದ ತಯಾರಿಸಿದ ಹಾಳೆ, ದನದ ಹಿಮ್ಮಡಿಯ ರಜ್ಜುವಿನಿಂದ ಮಾಡಿದ ತೆಳು ಪ್ಯಾಚ್, ಬೆನ್ನಿನ ಸ್ನಾಯುವನ್ನು ಭುಜದವರೆಗೆ ಎಳೆತರಲು ಬೇಕಾಗುವ ಉದ್ದನೆಯ ರಜ್ಜು, ಹೀಗೆ ಪಟ್ಟಿ ಉದ್ದವಾಗಿದೆ. ನಾನು ಶಸ್ತ್ರವೈದ್ಯನಲ್ಲ, ಫಿಸಿಯೋಥೆರಪಿಸ್ಟ್. ಆಪರೇಷನ್ ಥಿಯೇಟರಿನಲ್ಲಿ ನಡೆದದ್ದರ ಫಲ ಆರು ವಾರಗಳ ನಂತರ ತೋಳಿನ ಜೋಳಿಗೆ (ಸ್ಲಿಂಗ್) ಬಿಚ್ಚಿದಾಗ ನನ್ನ ಕೈಗೆ ಸಿಗುತ್ತದೆ. ಆ ಕಡೆಯಿಂದ ನೋಡಿದಾಗ ಈ ಚಿಕಿತ್ಸೆಗಳಲ್ಲಿ ಯಾವುದು ತನ್ನ ಬೆಲೆಗೆ ತಕ್ಕ ಕೆಲಸ ಮಾಡುತ್ತದೆ, ಯಾವುದು ಮಾಡುವುದಿಲ್ಲ ಎಂಬುದನ್ನು, ಪ್ರಕಟವಾದ ಅಧ್ಯಯನಗಳನ್ನೂ ಎದುರಿಗಿಟ್ಟುಕೊಂಡು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಯಾವ ಕಸಿ ಎಂಬ ಪ್ರಶ್ನೆಗಿಂತ, ಆ ಕಸಿ ಭುಜದೊಳಗೆ ಯಾವ ಕೆಲಸಕ್ಕೆ ನಿಲ್ಲುತ್ತದೆ ಮತ್ತು ಅದರ ಹಿಂದಿರುವ ಸ್ನಾಯು ಇನ್ನೂ ಸ್ನಾಯುವಾಗಿ ಉಳಿದಿದೆಯೇ ಎಂಬ ಎರಡು ಪ್ರಶ್ನೆಗಳೇ ಫಲಿತಾಂಶವನ್ನು ಹೆಚ್ಚಾಗಿ ನಿರ್ಧರಿಸುತ್ತವೆ.

ರೊಟೇಟರ್ ಕಫ್ ಎಂದರೆ ಸುಪ್ರಾಸ್ಪೈನೇಟಸ್, ಇನ್‌ಫ್ರಾಸ್ಪೈನೇಟಸ್, ಟೆರೆಸ್ ಮೈನರ್ ಮತ್ತು ಸಬ್‌ಸ್ಕ್ಯಾಪುಲಾರಿಸ್ ಎಂಬ ನಾಲ್ಕು ಸ್ನಾಯುಗಳ ರಜ್ಜುಗಳು ತೋಳಿನ ಮೂಳೆಯ ತಲೆಯನ್ನು ಸುತ್ತುವರಿದು ಅಂಟಿಕೊಂಡಿರುವ ವ್ಯವಸ್ಥೆ. ತೋಳನ್ನು ಮೇಲೆತ್ತುವ ಬಲವೆಲ್ಲ ಭುಜದ ಹೊರಮೈಯ ದೊಡ್ಡ ಸ್ನಾಯುವಾದ ಡೆಲ್ಟಾಯ್ಡಿನದು ಎಂದು ಹೊರಗಿನಿಂದ ತೋರಿದರೂ, ಆ ಎಳೆತದಲ್ಲಿ ಮೂಳೆಯ ತಲೆ ಮೇಲಕ್ಕೆ ಜಾರದಂತೆ ಭುಜದ ಹಲಗೆಯ ಗುಳಿಯ ಮಧ್ಯದಲ್ಲಿ ಒತ್ತಿಹಿಡಿಯುವುದು ಈ ನಾಲ್ಕರ ಕೆಲಸ. ಎರಡು ಅಥವಾ ಹೆಚ್ಚು ರಜ್ಜುಗಳು ಪೂರ್ತಿಯಾಗಿ ಹರಿದರೆ, ಅಥವಾ ಹರಿದ ಜಾಗ 5 ಸೆಂಟಿಮೀಟರ್ ಮೀರಿದರೆ ಅದನ್ನು ಭಾರಿ ಹರುಕು ಎಂದು ವರ್ಗೀಕರಿಸುತ್ತಾರೆ. ಆಗ ಡೆಲ್ಟಾಯ್ಡ್ ಎಳೆದಾಗಲೆಲ್ಲ ಮೂಳೆಯ ತಲೆ ಮೇಲೇರಿ ಅಕ್ರೋಮಿಯನ್ ಎಂಬ ಚಾವಣಿ ಮೂಳೆಗೆ ತಾಗುತ್ತದೆ. ಎಕ್ಸ್-ರೇಯಲ್ಲಿ ಇವೆರಡರ ನಡುವಿನ ಅಂತರ 5 ಮಿಲಿಮೀಟರಿಗೆ ಅಥವಾ ಅದಕ್ಕಿಂತ ಕೆಳಗೆ ಇಳಿದಿರುತ್ತದೆ. ತೋಳು ಎತ್ತಲಾಗದ ರೋಗಿ ಆಗ ಭುಜವನ್ನೇ ಕಿವಿಯತ್ತ ಎಳೆದುಕೊಂಡು, ಸೊಂಟವನ್ನು ಓರೆ ಮಾಡಿ, ಕೈ ಎದೆಯ ಮಟ್ಟಕ್ಕೆ ಬಂದಂತೆ ಮಾಡುತ್ತಾನೆ.

ದೊಡ್ಡ ಹರುಕನ್ನು ಕಣ್ಣಾರೆ ನೋಡಬೇಕೆಂದರೆ ಎಂಆರ್‌ಐ ಬೇಕಾಗಿಲ್ಲ. ರೋಗಿಯ ಮೊಣಕೈಯನ್ನು ಪಕ್ಕೆಗೆ ತಾಗಿಸಿ ತೊಂಬತ್ತು ಡಿಗ್ರಿ ಮಡಿಸಿ, ಮುಂಗೈಯನ್ನು ಬಾಗಿಲು ತೆರೆಯುವಂತೆ ನಾನೇ ಹೊರಕ್ಕೆ ತಿರುಗಿಸಿ, ‘ಹೀಗೇ ಹಿಡಿದುಕೊಳ್ಳಿ’ ಎಂದು ಹೇಳಿ ಕೈ ಬಿಡುತ್ತೇನೆ. ಇನ್‌ಫ್ರಾಸ್ಪೈನೇಟಸ್ ಹೋಗಿದ್ದರೆ ಆ ಮುಂಗೈ ಯಾರೋ ತಳ್ಳಿದಂತೆ ಹೊಟ್ಟೆಯ ಕಡೆಗೆ ಮರಳಿಬಿಡುತ್ತದೆ. ರೋಗಿಯೇ ತನ್ನ ಕೈಯನ್ನು ಅನ್ಯರ ಕೈಯೆಂಬಂತೆ ನೋಡುತ್ತಾರೆ. ಎಷ್ಟೋ ಹೆಂಗಸರು ಮೊದಲು ಹೇಳುವ ದೂರು ನೋವಿನದಲ್ಲ. ಜಡೆ ಹಾಕಿಕೊಳ್ಳಲು ಆಗುವುದಿಲ್ಲ, ತಂತಿಯ ಮೇಲೆ ಬಟ್ಟೆ ಹರವಲು ಆಗುವುದಿಲ್ಲ ಎಂಬುದು. ಈ ಎರಡೂ ಕೆಲಸಗಳಿಗೆ ತೋಳನ್ನು ಎತ್ತುವುದರ ಜೊತೆಗೆ ಹೊರಕ್ಕೆ ತಿರುಗಿಸುವುದೂ ಬೇಕು ಎಂಬುದನ್ನು ಮುಂದೆ ಕಸಿಯ ಆಯ್ಕೆಗೆ ಬಂದಾಗ ನೆನಪಿಟ್ಟುಕೊಳ್ಳಬೇಕು.

ಕಸಿಯ ಮಾತಿಗೆ ಮುಂಚೆ ಎಂಆರ್‌ಐ ವರದಿಯಲ್ಲಿ ಗೂಟಾಲಿಯೆ ಶ್ರೇಣಿ ಎಂಬ ಸಾಲನ್ನು ಹುಡುಕಬೇಕು. ಬರೆದಿರದಿದ್ದರೆ ಕೇಳಿ ಬರೆಸಿಕೊಳ್ಳಬೇಕು. ಫ್ರಾನ್ಸಿನ ಗೂಟಾಲಿಯೆ ಮತ್ತು ಸಂಗಡಿಗರು 1994ರಲ್ಲಿ ಸಿಟಿ ಸ್ಕ್ಯಾನ್ ಆಧರಿಸಿ ರೂಪಿಸಿದ ಈ ಅಳತೆ, ಸ್ನಾಯುವಿನೊಳಗೆ ಕೊಬ್ಬು ಎಷ್ಟು ತುಂಬಿಕೊಂಡಿದೆ ಎಂಬುದನ್ನು ಸೊನ್ನೆಯಿಂದ ನಾಲ್ಕರವರೆಗೆ ಹೇಳುತ್ತದೆ. ಮೂರು ಎಂದರೆ ಕೊಬ್ಬೂ ಸ್ನಾಯುವೂ ಸಮಸಮ. ನಾಲ್ಕು ಎಂದರೆ ಕೊಬ್ಬೇ ಹೆಚ್ಚು. ಮೂಳೆಯಿಂದ ಕಳಚಿಕೊಂಡ ಸ್ನಾಯು ವರ್ಷಗಟ್ಟಲೆ ಕೆಲಸವಿಲ್ಲದೆ ಕುಳಿತರೆ ಕುಗ್ಗಿ ಕೊಬ್ಬಾಗುತ್ತದೆ, ಮತ್ತು ರಜ್ಜುವನ್ನು ಮರಳಿ ಹೊಲಿದರೂ ಆ ಕೊಬ್ಬು ಮತ್ತೆ ಸ್ನಾಯುವಾಗಿ ಬದಲಾಗುವುದನ್ನು ನಿರೀಕ್ಷಿಸುವಂತಿಲ್ಲ. ಕಸಿ ಯಾವ ಪ್ರಾಣಿಯದೇ ಆಗಲಿ, ಯಾವ ದೇಶದಿಂದಲೇ ಬರಲಿ, ಅದಕ್ಕೆ ಸ್ವಂತ ಎಳೆಯುವ ಬಲವಿಲ್ಲ. ಮಾರಾಟದ ಕರಪತ್ರಗಳಲ್ಲಿ ಈ ವಾಕ್ಯ ನನಗೆ ಎಂದೂ ಕಂಡಿಲ್ಲ.

ಈಗ ಒಂದೊಂದಾಗಿ ನೋಡೋಣ. ಮೊದಲನೆಯದು ತೇಪೆ. ರಜ್ಜುವನ್ನು ಮೂಳೆಗೆ ಹೇಗೋ ತಲುಪಿಸಿ ಹೊಲಿಯಲು ಸಾಧ್ಯವಾದಾಗ, ಆ ಹೊಲಿಗೆಯ ಮೇಲೆ ಒಂದು ಪದರ ಹೊದಿಸಿ ಬಲಪಡಿಸುವ ವಿಧಾನವಿದು. ಇದರ ಚರಿತ್ರೆ ಒಂದು ಸೋಲಿನಿಂದ ಶುರುವಾಗುತ್ತದೆ. ಹಂದಿಯ ಸಣ್ಣ ಕರುಳಿನ ಒಳಪದರದಿಂದ ಮಾಡಿದ ಪ್ಯಾಚನ್ನು ಅಮೆರಿಕದಲ್ಲಿ ಇಯಾನೊಟ್ಟಿ ಮತ್ತು ಸಂಗಡಿಗರು ಮೂವತ್ತು ಭುಜಗಳಲ್ಲಿ, ಅರ್ಧಕ್ಕೆ ಹಾಕಿ ಅರ್ಧಕ್ಕೆ ಹಾಕದೆ ಪರೀಕ್ಷಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಪ್ಯಾಚ್ ಹಾಕಿದ ಹದಿನೈದರಲ್ಲಿ ನಾಲ್ಕು ಮಾತ್ರ ಕೂಡಿಕೊಂಡಿದ್ದವು; ಹಾಕದ ಹದಿನೈದರಲ್ಲಿ ಒಂಬತ್ತು. ಆಸ್ಟ್ರೇಲಿಯದ ಇನ್ನೊಂದು ತಂಡ ಇದೇ ಬಗೆಯ ಪ್ಯಾಚ್ ಹಾಕಿದ ಕೆಲವರಲ್ಲಿ ತೀವ್ರ ಉರಿಯೂತ ಕಂಡು ಅದನ್ನು ಬಳಸಬಾರದೆಂದು ಹೇಳಿತು. ಸೇರಿಸಿದ ವಸ್ತುವೇ ಗಾಯ ಮಾಯುವುದಕ್ಕೆ ಅಡ್ಡಿಯಾದ ಇಂಥ ಉದಾಹರಣೆ ಇರುವಾಗ, ‘ಮೇಲೊಂದು ಪ್ಯಾಚ್ ಇದ್ದರೆ ನಷ್ಟವೇನಿಲ್ಲವಲ್ಲ’ ಎಂಬ ಸಮಾಧಾನವನ್ನು ಒಪ್ಪುವುದು ಕಷ್ಟ.

ದಾನಿಯ ಚರ್ಮದ ಒಳಪದರದಿಂದ ಜೀವಕೋಶಗಳನ್ನೆಲ್ಲ ತೊಳೆದು ತೆಗೆದು, ಕೊಲ್ಯಾಜೆನ್ ಎಂಬ ನಾರುಪ್ರೋಟೀನಿನ ಜಾಲವನ್ನಷ್ಟೇ ಉಳಿಸಿಕೊಂಡ ಹಾಳೆಯ ಕಥೆ ಬೇರೆ. 2012ರಲ್ಲಿ ಬಾರ್ಬರ್ ಮತ್ತು ಸಂಗಡಿಗರು 3 ಸೆಂಟಿಮೀಟರಿಗಿಂತ ದೊಡ್ಡ, ಎರಡು ರಜ್ಜುಗಳ ಹರುಕಿದ್ದ 42 ಮಂದಿಯಲ್ಲಿ ನಡೆಸಿದ ಹೋಲಿಕೆಯಲ್ಲಿ, ಹಾಳೆ ಹೊದಿಸಿದವರ ಪೈಕಿ ಶೇಕಡ 85 ಹೊಲಿಗೆಗಳು ಉಳಿದಿದ್ದರೆ, ಹೊದಿಸದವರಲ್ಲಿ ಶೇಕಡ 40 ಮಾತ್ರ ಉಳಿದಿದ್ದವು. ಸಂಖ್ಯೆ ಚಿಕ್ಕದು, ಆದರೆ ಅಂತರ ದೊಡ್ಡದು. ಹಾಗಾಗಿ ಹೊಲಿಯಬಹುದಾದ, ಆದರೆ ಮತ್ತೆ ಹರಿಯುವ ಭಯವಿರುವ ಭುಜಕ್ಕೆ, ಸ್ನಾಯುವಿನ ಕೊಬ್ಬು ಎರಡನೇ ಶ್ರೇಣಿಯನ್ನು ಮೀರದಿದ್ದರೆ, ಈ ಹಾಳೆ ಸಮಂಜಸವಾದ ಖರ್ಚು ಎಂಬುದು ನನ್ನ ಮತ. ಸ್ನಾಯು ಆಗಲೇ ಕೊಬ್ಬಾಗಿದ್ದರೆ ಅದು ಜೀರ್ಣವಾದ ಪಂಚೆಗೆ ಹೊಸ ಬಟ್ಟೆಯ ತೇಪೆ ಹಾಕಿದಂತೆ. ತೇಪೆ ಗಟ್ಟಿಯಾಗಿಯೇ ಇರುತ್ತದೆ, ಅದರ ಅಂಚಿನಲ್ಲಿ ಪಂಚೆ ಹರಿಯುತ್ತದೆ.

ದನದ ಹಿಮ್ಮಡಿ ರಜ್ಜುವಿನ ಕೊಲ್ಯಾಜೆನ್‌ನಿಂದ ಮಾಡಿದ, ಸ್ಮಿತ್ ಆ್ಯಂಡ್ ನೆಫ್ಯೂ ಕಂಪನಿ ಮಾರುವ ರೀಜೆನೆಟೆನ್ ಎಂಬ ತೆಳು ಪ್ಯಾಚಿನ ಬಗ್ಗೆ ನನ್ನಲ್ಲಿ ಬಹಳ ಮಂದಿ ವಿಚಾರಿಸುತ್ತಾರೆ. ಅದು ಬಲ ಕೊಡುವ ವಸ್ತುವಲ್ಲ. ತನ್ನ ಮೇಲೆ ಹೊಸ ರಜ್ಜುವಿನಂಥ ಅಂಗಾಂಶ ಬೆಳೆಯಲು ಆಸರೆಯಾಗಿ, ತಿಂಗಳುಗಳಲ್ಲಿ ಕರಗಿಹೋಗುವ ಹಾಸು. ಅರೆಬರೆ ಹರಿದ ರಜ್ಜುವಿಗೆ ಅಥವಾ ಚೆನ್ನಾಗಿ ಹೊಲಿದ ರಜ್ಜುವಿನ ಮೇಲೆ ಹೊದಿಸುವುದಕ್ಕೆ ಅದು ರೂಪುಗೊಂಡಿದೆ. ಖಾಲಿ ಬಿದ್ದ ಜಾಗವನ್ನು ತುಂಬುವ ಕೆಲಸಕ್ಕೆ ಅದನ್ನು ಸೂಚಿಸಿದರೆ ಎರಡನೇ ಅಭಿಪ್ರಾಯ ಕೇಳುವುದು ಲೇಸು.

ರಜ್ಜು ಮೂಳೆಯವರೆಗೆ ಬರುವುದೇ ಇಲ್ಲವಾದರೆ, ಹರಿದ ತುದಿಗೂ ಮೂಳೆಗೂ ನಡುವೆ ಕಸಿಯನ್ನು ಸೇತುವೆಯಾಗಿ ಹೊಲಿಯುವ ವಿಧಾನವೊಂದಿದೆ. ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ ಚರ್ಮದ ಹಾಳೆಯನ್ನು ಬಳಸಿ ಇದನ್ನು ಶ್ರದ್ಧೆಯಿಂದ ಮಾಡುತ್ತಾ ಬಂದಿದ್ದಾರೆ. ಆದರೆ ಸೇತುವೆಯ ಆ ತುದಿಯಲ್ಲಿ ಎಳೆಯುವ ಸ್ನಾಯು ಇರಲೇಬೇಕಾದ್ದರಿಂದ ಇದಕ್ಕೆ ತಕ್ಕ ರೋಗಿಗಳು ಕಡಿಮೆ, ಮತ್ತು ಹೊಲಿಗೆ ಬಹಳ ನಾಜೂಕಿನದು. ನಮ್ಮ ಕಡೆ ಇದನ್ನು ಮಾಡಿಸಿಕೊಂಡು ಬಂದವರನ್ನು ನಾನು ಹೆಚ್ಚು ಕಂಡಿಲ್ಲವಾದ್ದರಿಂದ ಇಷ್ಟಕ್ಕೇ ನಿಲ್ಲಿಸುತ್ತೇನೆ.

ನಿಜವಾದ ಚರ್ಚೆಯಿರುವುದು ಭುಜಕೀಲಿನ ಮೇಲ್ಭಾಗವನ್ನು ಮುಚ್ಚುವ ಮೇಲ್ಪೊರೆಯ ಪುನರ್‌ನಿರ್ಮಾಣದಲ್ಲಿ. ವೈದ್ಯರು ಇದನ್ನು ಸುಪೀರಿಯರ್ ಕ್ಯಾಪ್ಸುಲರ್ ರೀಕನ್‌ಸ್ಟ್ರಕ್ಷನ್, ಚುಟುಕಾಗಿ ಎಸ್‌ಸಿಆರ್ ಎಂದು ಕರೆಯುತ್ತಾರೆ. ಜಪಾನಿನ ಒಸಾಕಾ ವೈದ್ಯಕೀಯ ಕಾಲೇಜಿನ ಟೆರುಹಿಸಾ ಮಿಹಾತಾ ಅವರು ರೂಪಿಸಿದ ಈ ವಿಧಾನದ ಬುದ್ಧಿವಂತಿಕೆ ಇರುವುದು, ಹರಿದ ರಜ್ಜುವನ್ನು ಮೊದಲಿನಂತೆ ಮಾಡುವ ಆಸೆಯನ್ನೇ ಅದು ಬಿಟ್ಟುಕೊಟ್ಟದ್ದರಲ್ಲಿ. ಗುಳಿಯ ಮೇಲಂಚಿನಿಂದ ತೋಳಿನ ಮೂಳೆಯ ಉಬ್ಬಿನವರೆಗೆ ಒಂದು ದಪ್ಪ ಪೊರೆಯನ್ನು ಬಿಗಿದರೆ, ಅದು ಮೂಳೆಯ ತಲೆ ಮೇಲೆ ಜಾರದಂತೆ ತಡೆಯುತ್ತದೆ. ತಡೆ ಸಿಕ್ಕ ಮೇಲೆ ಎತ್ತುವ ಕೆಲಸವನ್ನು ಡೆಲ್ಟಾಯ್ಡ್ ತಾನೇ ಮಾಡಿಕೊಳ್ಳುತ್ತದೆ. ಅಂದರೆ ಇಲ್ಲಿ ಕಸಿಯಿಂದ ಬಲವನ್ನು ಯಾರೂ ಕೇಳುತ್ತಿಲ್ಲ, ಕಟ್ಟಿಹಾಕುವುದನ್ನಷ್ಟೇ ಕೇಳುತ್ತಿದ್ದಾರೆ. ಬಲವಿಲ್ಲದ ವಸ್ತುವಿಗೆ ಒಪ್ಪುವ ಕೆಲಸ ಇದೇ.

ಮಿಹಾತಾ 2013ರಲ್ಲಿ ಪ್ರಕಟಿಸಿದ ಮೊದಲ ವರದಿಯಲ್ಲಿ 23 ರೋಗಿಗಳ 24 ಭುಜಗಳಿದ್ದವು. ತೋಳನ್ನು ತಾವಾಗಿ ಎತ್ತುವ ಸರಾಸರಿ 84 ಡಿಗ್ರಿಯಿಂದ 148 ಡಿಗ್ರಿಗೆ ಏರಿತು. ಮೂಳೆಯ ತಲೆಗೂ ಅಕ್ರೋಮಿಯನ್‌ಗೂ ನಡುವಿನ ಅಂತರ 4.6 ಮಿಲಿಮೀಟರಿನಿಂದ 8.7ಕ್ಕೆ ಹೆಚ್ಚಿತು, 24ರಲ್ಲಿ 20 ಭುಜಗಳಲ್ಲಿ ಎಂಆರ್‌ಐ ಪ್ರಕಾರ ಏನೂ ಹರಿದಿರಲಿಲ್ಲ. ಈ ಅಂಕಿಗಳನ್ನು ಓದಿದ ಜಗತ್ತಿನ ಭುಜತಜ್ಞರೆಲ್ಲ ಎದ್ದು ಕುಳಿತರು ಎಂದರೆ ಅತಿಶಯೋಕ್ತಿಯಾಗದು. ಅವರು ಬಳಸಿದ್ದು ರೋಗಿಯ ತೊಡೆಯ ಹೊರಮಗ್ಗುಲಿನ ಫೇಶಿಯಾ ಲೇಟಾ ಎಂಬ ಬಿಳಿಯ ಗಟ್ಟಿ ಪೊರೆಯನ್ನು, ಅದೂ ಒಂದರ ಮೇಲೊಂದು ಮಡಿಸಿ 6ರಿಂದ 8 ಮಿಲಿಮೀಟರ್ ದಪ್ಪ ಮಾಡಿಕೊಂಡು.

ಆಪರೇಷನ್ನಿನ ವಿಡಿಯೋ ನೋಡಿದವರಿಗೆ ಈ ದಪ್ಪದ ಅರ್ಥ ತಿಳಿಯುತ್ತದೆ. ಮೊದಲು ಕೀಲಿನೊಳಗೆ ಕ್ಯಾಮೆರಾ ಬಿಟ್ಟು, ಗುರುತುಗಳಿರುವ ಕಡ್ಡಿಯಿಂದ ಖಾಲಿ ಜಾಗದ ನಾಲ್ಕೂ ಬದಿಗಳನ್ನು ಅಳೆಯುತ್ತಾರೆ. ತೋಳನ್ನು ದೇಹದಿಂದ ಸುಮಾರು ಮೂವತ್ತು ಡಿಗ್ರಿ ದೂರ ಇಟ್ಟಾಗ ಬರುವ ಅಳತೆಯೇ ಅಳತೆ. ಕೈ ಪೂರ್ತಿ ಎತ್ತಿ ಅಳೆದರೆ ಕಸಿ ಗಿಡ್ಡವಾಗಿ, ಕೈ ಇಳಿಸಿದಾಗ ಹರಿಯುತ್ತದೆ. ಗುಳಿಯ ಮೇಲಂಚಿಗೆ, ದಾರ ಕಟ್ಟಿದ ಸಣ್ಣ ಮೊಳೆಗಳಂಥ ಎರಡು ಮೂರು ಆಂಕರ್‌ಗಳನ್ನು ಕೂರಿಸಿ, ಅವುಗಳ ದಾರಗಳನ್ನು ಹೊರಗೆ ತಂದು, ಮೇಜಿನ ಮೇಲಿಟ್ಟ ಕಸಿಯ ತೂತುಗಳಲ್ಲಿ ಪೋಣಿಸುತ್ತಾರೆ. ಆಮೇಲೆ ಆ ಇಡೀ ಪೊರೆಯನ್ನು ಸುರುಳಿ ಮಾಡಿ, ಹೆಬ್ಬೆರಳು ಹೋಗುವಷ್ಟು ಅಗಲದ ನಳಿಕೆಯ ಮೂಲಕ ಒಳಕ್ಕೆ ಜಾರಿಸಿ, ಒಳಗೆ ಬಿಡಿಸಿ, ದಾರಗಳು ಒಂದಕ್ಕೊಂದು ಸಿಕ್ಕಿಕೊಳ್ಳದಂತೆ ಬಿಗಿಯುತ್ತಾರೆ. ತೋಳಿನ ಮೂಳೆಯ ಕಡೆ ಎರಡು ಸಾಲು ಆಂಕರ್‌ಗಳು ಬೇಕು. ಕೊನೆಗೆ ಕಸಿಯ ಹಿಂಬದಿಯ ಅಂಚನ್ನು ಉಳಿದಿರುವ ಇನ್‌ಫ್ರಾಸ್ಪೈನೇಟಸ್‌ಗೆ ಹೊಲಿಯುತ್ತಾರೆ. ಈ ಪಕ್ಕದ ಹೊಲಿಗೆಯನ್ನು ಬಿಟ್ಟರೆ ಕಟ್ಟು ಸಡಿಲವಾಗುತ್ತದೆ ಎಂದು ಮಿಹಾತಾ ಅವರ ಪ್ರಯೋಗಶಾಲೆಯ ಅಧ್ಯಯನಗಳೇ ತೋರಿಸಿವೆ. 4 ಮಿಲಿಮೀಟರ್ ದಪ್ಪದ ಕಸಿಗಿಂತ 8 ಮಿಲಿಮೀಟರಿನದು ಮೂಳೆಯನ್ನು ಕೆಳಗೆ ಹಿಡಿದಿಡುವುದರಲ್ಲಿ ಮೇಲು ಎಂಬುದೂ ಅಲ್ಲಿಂದಲೇ ಬಂದ ಮಾತು.

ಈ ವಿಧಾನ ಅಮೆರಿಕಕ್ಕೆ ಹೋದಾಗ ಬದಲಾಯಿತು. ತೊಡೆಯಲ್ಲಿ ಇನ್ನೊಂದು ಗಾಯ ಮಾಡಲು ಅಲ್ಲಿನ ಶಸ್ತ್ರವೈದ್ಯರಿಗೂ ರೋಗಿಗಳಿಗೂ ಮನಸ್ಸಿರಲಿಲ್ಲ, ಮತ್ತು ಪೊಟ್ಟಣದಲ್ಲಿ ಸಿದ್ಧವಾಗಿ ಸಿಗುವ ದಾನಿ ಚರ್ಮದ ಹಾಳೆ ಕೈಗೆಟುಕುವಂತಿತ್ತು. ಆದರೆ ಆ ಹಾಳೆಯ ದಪ್ಪ ಸುಮಾರು 3 ಮಿಲಿಮೀಟರ್. ಡೆನಾರ್ಡ್, ಬರ್ಕ್‌ಹಾರ್ಟ್ ಮೊದಲಾದವರು 2018ರಲ್ಲಿ ಪ್ರಕಟಿಸಿದ 59 ರೋಗಿಗಳ ವರದಿಯಲ್ಲಿ ನೋವು ಕಡಿಮೆಯಾದದ್ದೂ ಕೈ ಮೇಲೇರಿದ್ದೂ ನಿಜ. ಆದರೆ ಎಂಆರ್‌ಐ ಮಾಡಿಸಿದ ಇಪ್ಪತ್ತು ಮಂದಿಯಲ್ಲಿ ಕಸಿ ಪೂರ್ತಿ ಕೂಡಿಕೊಂಡಿದ್ದು ಒಂಬತ್ತು ಮಂದಿಯಲ್ಲಿ ಮಾತ್ರ. ಒಂದು ಸಮುದಾಯದ ರೋಗಿಗಳನ್ನು ಇನ್ನೊಂದರ ಜೊತೆ, ಒಬ್ಬ ಶಸ್ತ್ರವೈದ್ಯರ ಕೈಯನ್ನು ಇನ್ನೊಬ್ಬರ ಜೊತೆ ನೇರವಾಗಿ ಹೋಲಿಸಬಾರದು ಎಂಬ ಎಚ್ಚರಿಕೆಯನ್ನು ಒಪ್ಪಿಕೊಂಡೂ, ಒಸಾಕಾದ ಅಂಕಿಗಳನ್ನು ತೋರಿಸಿ ತೆಳು ಹಾಳೆಯನ್ನು ಮಾರುವುದು ನ್ಯಾಯವಲ್ಲ ಎಂದು ಹೇಳಲೇಬೇಕಾಗಿದೆ. ನಿಮಗೆ ಹಾಳೆ ಹಾಕುವುದಾದರೆ ಹಾಳೆಯ ಅಂಕಿಗಳನ್ನೇ ತೋರಿಸಲಿ.

ಹಾಗೆಂದು ತೊಡೆಯ ಪೊರೆ ಪುಕ್ಕಟೆಯಲ್ಲ. ದಾನಿಯ ಹಾಳೆಯ ಖರ್ಚು ಉಳಿಯುತ್ತದೆ, ಶರೀರ ಅದನ್ನು ತನ್ನದೆಂದೇ ಒಪ್ಪಿಕೊಳ್ಳುತ್ತದೆ, ಸೋಂಕು ದಾಟಿ ಬರುವ ಆತಂಕವಿಲ್ಲ, ಎಲ್ಲವೂ ಸರಿ. ಆದರೆ ಪೋರ್ಚುಗಲ್‌ನಲ್ಲಿ ಸಣ್ಣ ಗಾಯಗಳ ಮೂಲಕ ತೊಡೆಯ ಪೊರೆ ತೆಗೆದ ಶಸ್ತ್ರವೈದ್ಯರೇ, ಎರಡು ವರ್ಷ ಕಳೆದ ಮೇಲೂ ಅರ್ಧಕ್ಕಿಂತ ಹೆಚ್ಚು ರೋಗಿಗಳಿಗೆ ಆ ತೊಡೆ ಕಿರಿಕಿರಿ ಮಾಡುತ್ತಿತ್ತೆಂದು ಪ್ರಾಮಾಣಿಕವಾಗಿ ದಾಖಲಿಸಿದ್ದಾರೆ. ಭುಜಕ್ಕೆ ಸಿಕ್ಕ ಲಾಭ ಅದಕ್ಕೆ ಸಾಟಿಯಾಯಿತು ಎಂದು ಹೇಳಿದವರೇ ಹೆಚ್ಚು ಎಂಬುದನ್ನೂ ಅವರು ಸೇರಿಸಿದ್ದಾರೆ. ನಮ್ಮ ರೋಗಿಗಳ ಮಟ್ಟಿಗೆ ಈ ತೊಡೆಯ ಸಂಗತಿ ಇನ್ನಷ್ಟು ಮುಖ್ಯ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವವರು, ಭಾರತೀಯ ಶೌಚಾಲಯ ಬಳಸುವವರು, ಗದ್ದೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಕಳೆ ಕೀಳುವವರು ಮೊದಲ ಒಂದೆರಡು ತಿಂಗಳು ಭುಜಕ್ಕಿಂತ ತೊಡೆಯ ಬಗ್ಗೆಯೇ ಹೆಚ್ಚು ಗೊಣಗುತ್ತಾರೆ. ಅದಕ್ಕಿಂತ ಅಪಾಯದ ಸಂಗತಿಯೆಂದರೆ, ನೆಲದಿಂದ ಏಳುವಾಗ ತೊಡೆ ನೋಯುತ್ತದೆಂದು ಅವರು ಕೈ ಊರಿ ಏಳುತ್ತಾರೆ. ಆ ಕೈ ಆಪರೇಷನ್ ಆದ ಕೈಯೇ ಆದರೆ, ಮೈಭಾರವೆಲ್ಲ ಇನ್ನೂ ಮೂಳೆಗೆ ಕೂಡಿಕೊಳ್ಳದ ಕಸಿಯ ಮೇಲೆ ಬೀಳುತ್ತದೆ. ಆದ್ದರಿಂದ ತೊಡೆಯ ಕಸಿ ನಿಗದಿಯಾದವರ ಮನೆಗೆ ಮೊದಲು ಒಂದು ಎತ್ತರದ ಕುರ್ಚಿ, ಕಮೋಡ್ ಕುರ್ಚಿ ಬರಲಿ ಎಂದು ನಾನು ಹೇಳುತ್ತೇನೆ. ಪೊರೆಯನ್ನು ಆದಷ್ಟೂ ಎದುರು ಬದಿಯ ತೊಡೆಯಿಂದ ತೆಗೆಯಬಹುದೇ, ಊರುಗೋಲು ಬೇಕಾದರೆ ಯಾವ ಕೈಯಲ್ಲಿ ಹಿಡಿಯಬೇಕಾಗುತ್ತದೆ ಎಂಬುದನ್ನೂ ಮೊದಲೇ ಕೇಳಿಟ್ಟುಕೊಳ್ಳಬೇಕು.

ಮೂರನೆಯ ದಾರಿಯೊಂದು ಏಷ್ಯಾದ ಹಲವು ಆಸ್ಪತ್ರೆಗಳಲ್ಲಿ ಚಾಲ್ತಿಗೆ ಬಂದಿದೆ: ಬೈಸೆಪ್ಸ್ ಸ್ನಾಯುವಿನ ಉದ್ದ ತಲೆಯ ರಜ್ಜು ಹೇಗೂ ಕೀಲಿನೊಳಗೇ ಹಾದುಹೋಗುವುದರಿಂದ, ಅದನ್ನೇ ದಾರಿ ತಪ್ಪಿಸಿ ಹಿಂದಕ್ಕೆ ಸರಿಸಿ, ಮೂಳೆಗೆ ಕಟ್ಟಿ ಮೇಲ್ಪೊರೆಯ ಬದಲಿಯಾಗಿ ಬಳಸುವುದು. ಕಸಿಯ ಖರ್ಚಿಲ್ಲ, ತೊಡೆಯ ಗಾಯವಿಲ್ಲ, ಗುಳಿಯ ಕಡೆ ಅದು ಹುಟ್ಟಿನಿಂದಲೇ ಅಂಟಿಕೊಂಡಿರುವುದರಿಂದ ಅಲ್ಲಿ ಆಂಕರ್‌ಗಳೂ ಬೇಡ. ಆದರೆ ಇಂಥ ಭುಜಗಳಲ್ಲಿ ಬೈಸೆಪ್ಸ್ ರಜ್ಜು ಬಹಳ ಸಲ ಸವೆದು ಚಪ್ಪಟೆಯಾಗಿರುತ್ತದೆ, ಇಲ್ಲವೇ ಆಗಲೇ ತುಂಡಾಗಿರುತ್ತದೆ. ಒಳಗೆ ನೋಡಿದ ಮೇಲೆಯೇ ನಿರ್ಧಾರವಾಗುವ ಸಂಗತಿಯಿದು. ಅದು ಚೆನ್ನಾಗಿದ್ದು, ಹರುಕು ಮುಖ್ಯವಾಗಿ ಸುಪ್ರಾಸ್ಪೈನೇಟಸ್‌ಗೆ ಸೀಮಿತವಾಗಿದ್ದರೆ, ಕೈಯಲ್ಲಿ ಹಣ ಕಡಿಮೆಯಿರುವವರಿಗೆ ಇದು ಮರ್ಯಾದಸ್ಥ ಆಯ್ಕೆ ಎಂದು ನನಗೆ ಅನಿಸಿದೆ.

ಮೇಲ್ಪೊರೆಯ ಚಿಕಿತ್ಸೆ ಯಾರಿಗೆ ಬೇಡ ಎಂಬುದರಲ್ಲಿ ತಜ್ಞರ ನಡುವೆ ಬಹುಮಟ್ಟಿಗೆ ಒಮ್ಮತವಿದೆ. ಕೀಲಿನ ಮೃದ್ವಸ್ಥಿ ಸವೆದು ಸಂಧಿವಾತ ಶುರುವಾಗಿದ್ದರೆ, ಡೆಲ್ಟಾಯ್ಡ್‌ನ ನರ ಕೆಲಸ ಮಾಡದಿದ್ದರೆ, ಮುಂಭಾಗದ ಸಬ್‌ಸ್ಕ್ಯಾಪುಲಾರಿಸ್ ಕೂಡ ಹೊಲಿಯಲಾಗದಂತೆ ಹರಿದಿದ್ದರೆ, ಭುಜ ಬಿಗಿದುಕೊಂಡಿದ್ದರೆ ಇದರಿಂದ ಲಾಭ ಕಡಿಮೆ. ಇಂಥವರಿಗೂ ಇದನ್ನು ಮಾಡಿ ಕಳಿಸಿದ ಉದಾಹರಣೆಗಳು ನನ್ನ ಮೇಜಿನ ಮುಂದೆ ಬಂದಿವೆ, ಮತ್ತು ಅಂಥ ಭುಜಕ್ಕೆ ವ್ಯಾಯಾಮ ಹೇಳಿಕೊಡುವುದು ನಮ್ಮ ವೃತ್ತಿಯ ಅತ್ಯಂತ ಬೇಸರದ ಕೆಲಸ.

ಜಡೆ ಹಾಕಿಕೊಳ್ಳಲಾಗದ, ಮುಂಗೈ ಹೊಟ್ಟೆಗೆ ಮರಳಿಬಿಡುವ ರೋಗಿಗಳ ಸಂಗತಿಗೆ ಈಗ ಬರೋಣ. ಇವರಿಗೆ ಹೊರಕ್ಕೆ ತಿರುಗಿಸುವ ಬಲವೇ ಇಲ್ಲ. ಪೊರೆ ಕಟ್ಟಿದರೆ ಕೈ ಎತ್ತಬಹುದು, ತಿರುಗಿಸಲು ಎಂಜಿನ್ ಬೇಕು. ಆ ಬಲವನ್ನು ಬೇರೆ ಸ್ನಾಯುವಿನಿಂದ ತರುವ ಪದ್ಧತಿಯನ್ನು ಸ್ವಿಟ್ಜರ್ಲೆಂಡಿನ ಗೆರ್ಬರ್ 1988ರಲ್ಲೇ ಬೆನ್ನಿನ ಲ್ಯಾಟಿಸಿಮಸ್ ಡಾರ್ಸೈ ಸ್ನಾಯುವನ್ನು ಬಳಸಿ ತೋರಿಸಿದ್ದರು. ಅದಕ್ಕೆ ಕಸಿ ಬೇಕಿಲ್ಲ. ಆದರೆ ಆ ಸ್ನಾಯು ಹುಟ್ಟಾ ಮಾಡುತ್ತಿದ್ದ ಕೆಲಸವೇ ಬೇರೆಯಾದ್ದರಿಂದ, ಅದಕ್ಕೆ ಹೊಸ ಕೆಲಸ ಕಲಿಸಲು ತಿಂಗಳುಗಟ್ಟಲೆ ತರಬೇತಿ ಬೇಕಾಗುತ್ತದೆ. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿದ್ದ ಬಸ್ಸಾಮ್ ಎಲ್‌ಹಸನ್ ಅವರು ಕತ್ತಿನಿಂದ ನಡುಬೆನ್ನಿನವರೆಗೆ ಹರಡಿರುವ ಸ್ನಾಯುವಾದ ಟ್ರೆಪೀಜಿಯಸ್‌ನ ಕೆಳಭಾಗವನ್ನು ಆರಿಸಿಕೊಂಡರು. ಅದರ ಎಳೆತದ ದಿಕ್ಕು ಇನ್‌ಫ್ರಾಸ್ಪೈನೇಟಸ್‌ನದೇ. ತೋಳು ಹೊರಕ್ಕೆ ತಿರುಗುವಾಗ ಭುಜದ ಹಲಗೆಯನ್ನು ಹಿಂದಕ್ಕೆ ಎಳೆಯಲು ಅದು ಮೊದಲೇ ಕೆಲಸ ಮಾಡುತ್ತಿರುತ್ತದೆ. ಕೊರತೆಯೆಂದರೆ ಅದು ತೋಳಿನ ಮೂಳೆಯವರೆಗೆ ತಲುಪುವುದಿಲ್ಲ. ಆ ಅಂತರಕ್ಕೆ ದಾನಿಯ ಹಿಮ್ಮಡಿ ರಜ್ಜುವನ್ನು ಜೋಡಿಸುತ್ತಾರೆ. 2016ರಲ್ಲಿ ಅವರು ವರದಿ ಮಾಡಿದ 33 ರೋಗಿಗಳಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲರಿಗೂ ನೋವಿನಲ್ಲೂ ಚಲನೆಯಲ್ಲೂ ಗಣನೀಯ ಸುಧಾರಣೆ ಕಂಡಿತ್ತು.

ಕೆಲಸ ಮಾಡುವ ದೇಹದವರಿಗೆ, ಅಂದರೆ ಹೊಲ, ಗಾರೆ ಕೆಲಸ, ಮರಗೆಲಸ ಮಾಡುವ ಐವತ್ತರ ಆಸುಪಾಸಿನವರಿಗೆ, ನಾನು ಈ ಲೇಖನದಲ್ಲಿ ಮೆಚ್ಚಿ ಹೇಳುವ ಶಸ್ತ್ರಚಿಕಿತ್ಸೆ ಇದೇ. ‘ಭುಜದ ಹಲಗೆಯನ್ನು ಹಿಂದಕ್ಕೆ ಹಿಂಡಿ’ ಎಂದು ಹೇಳಿದರೆ ಸಾಕು, ಮುಂಗೈ ತಾನಾಗಿ ಹೊರಕ್ಕೆ ತಿರುಗಲು ಶುರುಮಾಡುತ್ತದೆ. ಹಿಮ್ಮಡಿಯ ದಾನಿ ರಜ್ಜು ಸಿಗದಾಗ ರೋಗಿಯ ತೊಡೆಯ ಹಿಂಭಾಗದ ಸೆಮಿಟೆಂಡಿನೋಸಸ್ ರಜ್ಜುವನ್ನು, ಮೊಣಕಾಲಿನ ಎಸಿಎಲ್ ಎಂಬ ಕಟ್ಟುನಾರಿನ ಆಪರೇಷನ್ನಿನಲ್ಲಿ ತೆಗೆಯುವಂತೆಯೇ ತೆಗೆದು ಬಳಸುತ್ತಾರೆ. ಆ ರಜ್ಜುವನ್ನು ತೆಗೆಯುವ ಕೈಪಳಗಿದ ಶಸ್ತ್ರವೈದ್ಯರು ನಮ್ಮ ಜಿಲ್ಲಾ ಕೇಂದ್ರಗಳಲ್ಲೂ ಇದ್ದಾರೆ. ದೋಷವಿಲ್ಲವೆಂದಲ್ಲ: ಆಪರೇಷನ್ ಆದ ಮೇಲೆ ತೋಳನ್ನು ಹೊರಕ್ಕೆ ತಿರುಗಿಸಿಯೇ ಇಡುವ ದೊಡ್ಡ ಕಟ್ಟನ್ನು ವಾರಗಟ್ಟಲೆ ಧರಿಸಬೇಕು. ಅದನ್ನು ಹಾಕಿಕೊಂಡು ಬಸ್ಸಿನಲ್ಲಿ ಕೂರುವುದಿರಲಿ, ಮನೆಯ ಬಾಗಿಲು ದಾಟುವುದೂ ತ್ರಾಸದ ಕೆಲಸ.

ಇವುಗಳ ಪಕ್ಕದಲ್ಲೇ ಸೂಚಿಸಲ್ಪಡುವ, ಆದರೆ ಕಸಿಯಲ್ಲದ ಒಂದು ವಸ್ತುವಿನ ಬಗ್ಗೆಯೂ ಹೇಳಬೇಕು. ಮೂಳೆಯ ತಲೆಗೂ ಅಕ್ರೋಮಿಯನ್‌ಗೂ ನಡುವೆ ಸಲೈನ್ ತುಂಬಿದ, ವರ್ಷದೊಳಗೆ ಕರಗುವ ಬಲೂನು ಇಡುವ ಚಿಕಿತ್ಸೆಗೆ ಅಮೆರಿಕದಲ್ಲಿ 2021ರಲ್ಲಿ ಅನುಮತಿ ಸಿಕ್ಕಿತು. ಮರುವರ್ಷವೇ ಬ್ರಿಟನ್ನಿನ 24 ಆಸ್ಪತ್ರೆಗಳಲ್ಲಿ 117 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು: ಬಲೂನು ಇಟ್ಟವರಿಗಿಂತ, ಬಲೂನಿಲ್ಲದೆ ಕೀಲನ್ನು ಶುಚಿಗೊಳಿಸಿಕೊಂಡವರೇ ಹೆಚ್ಚು ಸುಧಾರಿಸಿದ್ದರು. ಕೀ ಹೋಲ್ ಎಂದರೆ ಸರಳ, ಸರಳವೆಂದರೆ ನಿರಪಾಯ ಎಂಬ ನಂಬಿಕೆಯಿಂದ ಇದನ್ನು ಆರಿಸಿಕೊಳ್ಳುವವರು ಈ ಫಲಿತಾಂಶದ ಬಗ್ಗೆ ತಮ್ಮ ವೈದ್ಯರನ್ನು ಒಮ್ಮೆ ಕೇಳಬೇಕು.

ಎಪ್ಪತ್ತು ದಾಟಿದವರಿಗೆ, ಅಥವಾ ಕೀಲೇ ಸವೆದವರಿಗೆ ಕಸಿಯ ಮಾತು ಬಹುತೇಕ ಅನಗತ್ಯ. ಫ್ರಾನ್ಸಿನ ಡಿಜೋನ್‌ನಲ್ಲಿ ಪಾಲ್ ಗ್ರಾಮೊಂ 1985ರಲ್ಲಿ ರೂಪಿಸಿದ, ಗುಂಡನ್ನು ಗುಳಿಯ ಜಾಗದಲ್ಲೂ ಬಟ್ಟಲನ್ನು ತೋಳಿನ ಜಾಗದಲ್ಲೂ ಇಡುವ ಕೃತಕ ತಿರುವು ಕೀಲು, ಕಫ್ ಇಲ್ಲದೆಯೇ ಡೆಲ್ಟಾಯ್ಡಿನಿಂದ ಕೈ ಎತ್ತಿಸುತ್ತದೆ. ಆರು ವಾರ ಕಾಯುವ ತಾಳ್ಮೆ, ಕಸಿ ಮೂಳೆಗೆ ಕೂಡುವ ಅನಿಶ್ಚಯ ಇವೆರಡೂ ಅಲ್ಲಿಲ್ಲ. ಐವತ್ತೈದರ ಕೆಲಸಗಾರನಿಗೆ ಅದನ್ನು ಹಾಕಲು ಶಸ್ತ್ರವೈದ್ಯರು ಹಿಂಜರಿಯುತ್ತಾರೆ, ಏಕೆಂದರೆ ಆ ಲೋಹದ ಕೀಲು ಅವನ ಆಯುಸ್ಸಿನ ಉದ್ದಕ್ಕೂ ಬಾಳಬೇಕು. ಈ ನಡುವಿನ ವಯಸ್ಸಿನವರೇ ಕಸಿಯ ನಿಜವಾದ ಗಿರಾಕಿಗಳು.

ಖರೀದಿಯ ವಿಷಯಕ್ಕೆ ಬಂದರೆ, ಮೊಣಕಾಲಿನ ಕೃತಕ ಕೀಲುಗಳಿಗೆ 2017ರಲ್ಲಿ ಕೇಂದ್ರ ಸರ್ಕಾರ ಗರಿಷ್ಠ ಬೆಲೆ ಗೊತ್ತುಪಡಿಸಿತು. ಆ ಆದೇಶ ಭುಜದ ಆಂಕರ್‌ಗಳನ್ನೂ ಕಸಿಗಳನ್ನೂ ಒಳಗೊಂಡಿಲ್ಲ. ಮೇಲ್ಪೊರೆಯ ಒಂದು ಆಪರೇಷನ್ನಿಗೆ ಅರ್ಧ ಡಜನ್‌ಗೂ ಮಿಗಿಲಾಗಿ ಆಂಕರ್‌ಗಳು ಹೋಗುತ್ತವೆ, ಪ್ರತಿಯೊಂದಕ್ಕೂ ಪ್ರತ್ಯೇಕ ಬೆಲೆ. ನಾನು ನೋಡಿದ ಅಂದಾಜು ಪಟ್ಟಿಯೊಂದರಲ್ಲಿ ‘ಇಂಪ್ಲಾಂಟ್: ವಾಸ್ತವ ದರದಂತೆ’ ಎಂಬ ಒಂದೇ ಸಾಲಿತ್ತು, ಬಿಲ್ಲು ಬಂದಾಗ ಆ ಒಂದು ಸಾಲು ಉಳಿದೆಲ್ಲ ಸಾಲುಗಳನ್ನು ಮೀರಿಸಿತ್ತು. ಆಂಕರ್‌ಗಳು ಎಷ್ಟು, ಕಸಿ ಯಾವ ಹೆಸರಿನದು, ಒಳಗೆ ನೋಡಿದ ಮೇಲೆ ಯೋಜನೆ ಬದಲಾದರೆ ಖರ್ಚು ಎಷ್ಟಕ್ಕೆ ಏರಬಹುದು ಎಂಬುದನ್ನು ಬರಹದಲ್ಲಿ ಪಡೆದು ವಿಮಾ ಕಂಪನಿಗೆ ಮೊದಲೇ ಕಳಿಸುವುದು ಒಳಿತು.

ಕಸಿ ಯಾರ ಶರೀರದ್ದು ಎಂಬುದನ್ನು ಕೇಳಲು ನಮ್ಮವರು ಸಂಕೋಚಪಡುತ್ತಾರೆ. ಹಂದಿಯ ವಸ್ತು ಬೇಡವೆನ್ನುವವರಿದ್ದಾರೆ, ದನದ್ದು ಬೇಡವೆನ್ನುವವರಿದ್ದಾರೆ, ಪ್ರಾಣಿಜನ್ಯವೇ ಬೇಡವೆನ್ನುವ ಜೈನರಿದ್ದಾರೆ, ಸತ್ತವರ ಚರ್ಮವೆಂದರೆ ಹಿಂದೆಗೆಯುವವರಿದ್ದಾರೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವವರಿಗೆ ವಸ್ತುವಿನ ಮೂಲ ತಿಳಿಯುವ ಹಕ್ಕಿದೆ, ಹೇಳಬೇಕಾದ ಹೊಣೆ ವೈದ್ಯರದು. ಮಾನವ ಅಂಗಾಂಗ ಕಸಿಯ 1994ರ ಕಾಯ್ದೆಗೆ 2011ರಲ್ಲಿ ಬಂದ ತಿದ್ದುಪಡಿ ಅಂಗಾಂಶಗಳನ್ನೂ ಅದರ ವ್ಯಾಪ್ತಿಗೆ ತಂದಿತು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಅಂಗಾಂಶ ಬ್ಯಾಂಕು 1988ರಿಂದ ಕೆಲಸ ಮಾಡುತ್ತಿದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಚರ್ಮ ಬ್ಯಾಂಕು ಇದೆ. ವಿಕ್ಟೋರಿಯಾದ ಚರ್ಮ ಸುಟ್ಟಗಾಯಗಳನ್ನು ಮುಚ್ಚುವುದಕ್ಕಾಗಿ. ಭುಜದೊಳಗೆ ಕಟ್ಟುವ ದಪ್ಪ ಹಾಳೆ ಅದಲ್ಲ ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ, ಏಕೆಂದರೆ ‘ಅಲ್ಲಿ ಅಗ್ಗಕ್ಕೆ ಸಿಗುತ್ತದಂತೆ’ ಎಂಬ ಮಾತು ಆಗಾಗ ಕೇಳಿಬರುತ್ತದೆ.

ಇನ್ನು ನನ್ನ ಪಾಲಿನ ಕೆಲಸ. ಕಸಿ ಯಾವುದೇ ಇರಲಿ, ಮೊದಲ ನಾಲ್ಕರಿಂದ ಆರು ವಾರ ತೋಳು ದಿಂಬಿನ ಕಟ್ಟಿನಲ್ಲಿ ದೇಹದಿಂದ ದೂರ ಇರಬೇಕು. ಎರಡು ತಿಂಗಳಿನ ಹೊತ್ತಿಗೆ ಸ್ವಂತ ಬಲದ ಚಲನೆ. ಭಾರ ಎತ್ತುವ ಮಾತು ಮೂರು ನಾಲ್ಕು ತಿಂಗಳ ನಂತರ. ಇದರಲ್ಲಿ ಜನ ಎಡವುವುದು ವ್ಯಾಯಾಮ ಕಡಿಮೆ ಮಾಡಿ ಅಲ್ಲ, ನೋವು ಹೋಯಿತೆಂದು ಹತ್ತನೆಯ ವಾರದಲ್ಲಿ ನೀರಿನ ಕೊಡಪಾನಕ್ಕೆ ಕೈ ಹಾಕಿ. ಬಸ್ಸಿನಲ್ಲಿ ನಿಂತು ಮೇಲಿನ ಸರಳು ಹಿಡಿಯುವುದನ್ನು ಆರು ತಿಂಗಳವರೆಗೆ ಬೇಡ ಎನ್ನುತ್ತೇನೆ. ಚಾಲಕ ಒಮ್ಮೆ ಬ್ರೇಕ್ ಹಾಕಿದರೆ ಕಸಿಯ ಮೇಲೆ ಬೀಳುವ ಎಳೆತವನ್ನು ಯಾವ ಆಂಕರೂ ಲೆಕ್ಕ ಹಾಕಿರುವುದಿಲ್ಲ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರೂ ಬೀಡಿ ಸಿಗರೇಟು ಬಿಡದವರೂ ದುಬಾರಿ ಕಸಿಗೆ ಹಣ ಹೊಂದಿಸುವ ಮೊದಲು ಅವೆರಡನ್ನು ಸರಿಪಡಿಸಿಕೊಳ್ಳಲಿ, ಏಕೆಂದರೆ ರಕ್ತ ಸರಿಯಾಗಿ ತಲುಪದ ಜಾಗದಲ್ಲಿ ಯಾವ ಪೊರೆಯೂ ಬೇರೂರುವುದಿಲ್ಲ. ದೂರದ ಹಳ್ಳಿಗಳಿಂದ ಬರುವವರಿಗೆ ವಾರಕ್ಕೆ ಮೂರು ಸಲ ಓಡಾಡುವ ಬದಲು, ಹದಿನೈದು ದಿನಕ್ಕೊಮ್ಮೆ ಬಂದು ಮನೆಯಲ್ಲಿ ಮಾಡುವುದನ್ನು ತಿದ್ದಿಸಿಕೊಂಡು ಹೋಗುವ ಏರ್ಪಾಟನ್ನು ಆಪರೇಷನ್ನಿಗೆ ಮೊದಲೇ ಮಾಡಿಕೊಂಡರೆ ಒಳ್ಳೆಯದು.

ಕಸಿ ಹರಿದರೆ ಎಲ್ಲವೂ ಹೋಯಿತೇ ಎಂದು ಕೇಳುವವರಿಗೆ ಉತ್ತರ: ಹಾಗೇನೂ ಇಲ್ಲ. ಎಂಆರ್‌ಐಯಲ್ಲಿ ಕಸಿ ಹರಿದಿದ್ದರೂ ನೋವಿಲ್ಲದೆ ದಿನಗೆಲಸ ಮಾಡಿಕೊಂಡಿರುವವರಿದ್ದಾರೆ. ಕಸಿ ಸವೆಯುವಷ್ಟರಲ್ಲಿ ಡೆಲ್ಟಾಯ್ಡ್ ಮತ್ತು ಉಳಿದ ಕಫ್ ಬಲಗೊಂಡಿರುವುದು ಅದಕ್ಕೆ ಕಾರಣವಿರಬಹುದು. ಅದಕ್ಕಾಗಿಯೇ ಆಪರೇಷನ್ನಿಗೆ ಮೊದಲು ಮೂರು ತಿಂಗಳು ಡೆಲ್ಟಾಯ್ಡ್ ವ್ಯಾಯಾಮವನ್ನು ಮನಸಿಟ್ಟು ಮಾಡಿ ನೋಡುವಂತೆ ನಾನು ಒತ್ತಾಯಿಸುತ್ತೇನೆ: ಮಲಗಿಕೊಂಡು, ಬರಿಗೈಯಲ್ಲಿ ತೋಳನ್ನು ಆಕಾಶದ ಕಡೆಗೆ ಎತ್ತಿ ಸಣ್ಣದಾಗಿ ಹಿಂದೆ ಮುಂದೆ ಆಡಿಸುವುದರಿಂದ ಆರಂಭಿಸಿ, ದಿನಕ್ರಮೇಣ ಒರಗಿ ಕೂತು, ನಿಂತು ಅದನ್ನೇ ಮಾಡುವುದು. ಕೆಲವರಿಗೆ ಅಷ್ಟರಲ್ಲೇ ಕೈ ತಲೆಯ ಮೇಲೆ ಹೋಗುತ್ತದೆ, ಕಸಿಯ ಪ್ರಶ್ನೆಯೇ ಉಳಿಯುವುದಿಲ್ಲ. ಕಸಿ ಹಾಕಿಸಿಕೊಂಡು ವಿಫಲವಾದವರಿಗೂ ಮುಂದೆ ತಿರುವು ಕೀಲು ಹಾಕಿಸಿಕೊಳ್ಳುವ ಬಾಗಿಲು ತೆರೆದೇ ಇರುತ್ತದೆ, ಡೆಲ್ಟಾಯ್ಡ್ ಮತ್ತು ಅದರ ನರ ಮೊದಲ ಆಪರೇಷನ್ನಿನಲ್ಲಿ ಪೆಟ್ಟಾಗದೆ ಉಳಿದಿದ್ದರೆ.